ಚೊಗರಿನ ಲಂಗ, ಕೋರಾ ಜೇಬು

ಹೊಲಿಗೆ ಕೇಂದ್ರದ ಹುಡುಗಿಯರು ಮೊನ್ನೆ ನನ್ನ ಮುಂದೆ ಫೋನು ಹಿಡಿದು ಒಂದು ಚಿತ್ರ ತೋರಿಸಿದರು. ಯಾವುದೋ ದೇಶದ ಹೆಣ್ಣುಮಗಳು ಒಣಗಿದ ಎಲೆಗಳ ಮೇಲೆ ನಿಂತಿದ್ದಾಳೆ. ಪಾದದ ತನಕ ಮಣ್ಣಿನ ಬಣ್ಣದ ಲಂಗ, ತುಂಬುತೋಳಿನ ಅಂಗಿ, ಅದರ ಮೇಲೆ ತೋಳಿಲ್ಲದ ಕೋಟು, ಅದರ ಮೇಲೊಂದು ಶಾಲು. "ಇದಕ್ಕೆ ಬೊಹೀಮಿಯನ್ ಅಂತಾರೆ ಆಂಟಿ. ಮಳೆ ಮುಗಿದು ಚಳಿ ಶುರುವಾಗೋ ಹೊತ್ತಲ್ಲಿ ಹಾಕೋ ಸ್ಟೈಲು. ಒಂದರ ಮೇಲೊಂದು ಲೇಯರ್ ಮಾಡ್ಬೇಕು. ನಿಮಗೆ ಬರುತ್ತಾ?" ಅಂತ ಕೇಳಿದರು. ಬರುತ್ತಾ ಅಂತೆ! ನನಗೆ ನಗು ತಡೆಯಲಾಗಲಿಲ್ಲ. ಇವರ ಅಮ್ಮಂದಿರು ಹುಟ್ಟುವ ಮುಂಚೆಯೇ ಸಾಗರದಲ್ಲಿ ನಾನು ಇದನ್ನೇ ಹೊಲಿಯುತ್ತಿದ್ದೆ. ಆಗ ಅದಕ್ಕೆ ಇಷ್ಟು ದೊಡ್ಡ ಹೆಸರಿರಲಿಲ್ಲ. ಅಡಿಕೆ ಸುಲಿಯುವವರ ಬಟ್ಟೆ ಅನ್ನುತ್ತಿದ್ದರು, ಅದನ್ನೂ ಮೂಗು ಮುರಿದೇ ಹೇಳುತ್ತಿದ್ದರು.

ಹಾಗಾದರೆ ಬರೆದುಕೊಡಿ ಅಂತ ಗಂಟುಬಿದ್ದರು. ಬರೆಯುತ್ತಿದ್ದೇನೆ. ಎಷ್ಟು ವರ್ಷ ಹೊಲಿದೆ, ಯಾರು ಕರೆದು ಶಾಲು ಹೊದಿಸಿದರು ಅನ್ನುವ ಪುರಾಣವೆಲ್ಲ ಇಲ್ಲಿ ಬೇಡ. ಅದರಿಂದ ನಿಮಗೆ ಒಂದು ಗುಂಡಿಯ ಕಾಜ ಹೊಲಿಯುವುದಕ್ಕೂ ಉಪಯೋಗವಿಲ್ಲ.

ನಾನು ಹೊಸನಗರದವಳು. ನಮ್ಮಪ್ಪ ಅಲ್ಲಿಯ ದರ್ಜಿ. ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಒಪ್ಪಿಕೊಂಡ ಬಟ್ಟೆ ಮುಗಿಸಿಕೊಡಬೇಕಲ್ಲ, ಒಂದು ವಾರ ಶಾಲೆ ಬಿಟ್ಟು ಮಿಷಿನ್ ಮುಂದೆ ಕೂತೆ. ಆ ಒಂದು ವಾರ ಮುಗಿಯಲೇ ಇಲ್ಲ. ಆಮೇಲೆ ಸಾಗರದಲ್ಲಿದ್ದ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ ನಾರಾಯಣಪ್ಪ, ನನ್ನನ್ನು ತನ್ನ ಅಂಗಡಿಗೆ ಕರೆದುಕೊಂಡ. ಪೇಟೆಯಲ್ಲಿ ಅವನ ಕತ್ತರಿಗೆ ಒಳ್ಳೆಯ ಹೆಸರಿತ್ತು, ಅವನ ಬಾಯಿಗೆ ಅದಕ್ಕಿಂತ ದೊಡ್ಡ ಹೆಸರಿತ್ತು. "ಹೆಣ್ಣುಹುಡುಗಿ ಎದುರಿಗೆ ಕೂತ್ರೆ ಗಂಡಸ್ರು ಪ್ಯಾಂಟಿನ ಅಳತೆ ಕೊಡಾಕೆ ನಾಚ್ಕೊಳ್ತಾರೆ ಮಾರಾಯ್ತಿ" ಅಂತ ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ ಕಟ್ಟಿ ಅದರ ಹಿಂದೆ ನನ್ನ ಮಿಷಿನ್ ಇಟ್ಟ.

ಆ ಕಾಲದಲ್ಲಿ ದರ್ಜಿ ಹೆಂಗಸರ ಮೈ ಅಳೆಯುವ ಪದ್ಧತಿ ಇರಲಿಲ್ಲ. ಹಳೆಯದೊಂದು ರವಿಕೆ ಕಳಿಸುತ್ತಿದ್ದರು, ಅದೇ ಅಳತೆ. ನಾನು ಸೇರಿದ ಹೊಸದರಲ್ಲಿ ದೊಡ್ಡ ಕುಟುಂಬವೊಂದರಿಂದ ನವರಾತ್ರಿಗೆ ಮನೆಯ ಸೊಸೆಯಂದಿರಿಗೆಲ್ಲ ರವಿಕೆ ಹೊಲಿಯಲು ಬಟ್ಟೆ ಬಂತು. ತಂದ ಆಳು ದಾರಿಯಲ್ಲಿ ಗಂಟು ಬಿಚ್ಚಿ ಕಟ್ಟಿದ್ದನೋ, ಮನೆಯಲ್ಲೇ ತಂತಿಯ ಮೇಲಿಂದ ತಪ್ಪಿ ತೆಗೆದಿದ್ದರೋ, ಎಲ್ಲರಿಗೂ ಒಂದೇ ಅಳತೆ ಅಂತ ಬಂದದ್ದು ಆ ಮನೆಯ ಅಜ್ಜಿಯ ರವಿಕೆ. ದೊಡ್ಡಪ್ಪ ಕತ್ತರಿಸಿದ, ನಾನು ಹೊಲಿದೆ. ಹಬ್ಬದ ದಿನ ಸೊಸೆಯಂದಿರೆಲ್ಲ ಚೀಲದೊಳಗೆ ಇಳಿದ ಹಾಗೆ ಕಾಣುತ್ತಿದ್ದರಂತೆ. ಆ ಮನೆಯ ಯಜಮಾನರು ಅಂಗಡಿಗೆ ಬಂದು ಬೈದು ಹೋದ ಮೇಲೆ ದೊಡ್ಡಪ್ಪ ಒಂದು ಹೊಸ ಟೇಪು ತಂದು ನನ್ನ ಕೊರಳಿಗೆ ಹಾಕಿ, "ಇನ್ಮೇಲೆ ನೀನೇ ಅಳತೆ ತಗೊಳ್ಳೇ, ನಂಗೆ ಈ ಮರ್ಯಾದೆ ಸಾಕು" ಅಂದ. ಅಂದಿನಿಂದ ಹೆಂಗಸರು ಪರದೆ ಸರಿಸಿಕೊಂಡು ಒಳಗೆ ಬರತೊಡಗಿದರು. ಬಂದವರು ಬರೀ ಅಳತೆ ಕೊಟ್ಟು ಹೋಗುತ್ತಾರೆಯೇ? ಅತ್ತೆಯ ಸುದ್ದಿ, ಎಮ್ಮೆಯ ಸುದ್ದಿ, ಮೈಕೈ ನೋವು ಎಲ್ಲವೂ ಆ ಪರದೆಯ ಹಿಂದೆ ಬಂದು ಬೀಳುತ್ತಿತ್ತು.

ನವರಾತ್ರಿ ಮುಗಿದು ಆಕಾಶ ಬಿಳಿಚಿಕೊಂಡರೆ ನಮ್ಮ ಕಡೆ ಅಡಿಕೆ ಕೊಯ್ಲಿನ ತಯಾರಿ. ಬೆಳಿಗ್ಗೆ ಎದುರು ಬಂದವರ ಮುಖ ಕಾಣದಷ್ಟು ಮಂಜು, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ಮತ್ತೆ ಚಳಿ. ಸುಲಿಯುವ ಕೆಲಸಕ್ಕೆ ಹೋಗುವ ಹೆಂಗಸರು ಇಡೀ ದಿನ ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕೂರಬೇಕು. ಹಸಿ ಅಡಿಕೆಯ ರಸ ತಾಗಿದರೆ ಕೈ ಕಪ್ಪು, ಬಟ್ಟೆ ಕಪ್ಪು. ಸುಲಿದ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಕೆಂಪಗೆ ನಿಲ್ಲುತ್ತದಲ್ಲ, ಆ ಚೊಗರು ಸಿಡಿದರಂತೂ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ಅದಕ್ಕೇ ಅವರು ಇದ್ದಬದ್ದ ಹಳೆಯದನ್ನೆಲ್ಲ ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದರು. ಒಳಗೆ ಸವೆದ ಸೀರೆ, ಮೇಲೆ ಗಂಡನ ಹಳೆಯ ಶರ್ಟು, ಹೆಗಲಿಗೆ ಕಂಬಳಿಯ ತುಂಡು. ಆ ಶರ್ಟುಗಳನ್ನು ಹೆಂಗಸರ ಮೈಗೆ ಹೊಂದುವ ಹಾಗೆ ಬಿಚ್ಚಿ ಹೊಲಿಯುವುದು ನನ್ನ ಕೆಲಸ. ಒಳಗಿನದು ತೆಳುವಾಗಿ ಉದ್ದಕ್ಕಿರಬೇಕು, ಮೇಲಿನದು ದಪ್ಪಗೆ ಗಿಡ್ಡಕ್ಕಿರಬೇಕು, ಕೂತಲ್ಲೇ ತೋಳು ಎಳೆದು ತೆಗೆಯುವ ಹಾಗಿರಬೇಕು, ಮುಖದ ಹತ್ತಿರಕ್ಕೆ ತಿಳಿಬಣ್ಣ ಬರಬೇಕು ಅಂತ ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಚಳಿಗೆ ಹಾಕಿ ಬಿಸಿಲಿಗೆ ತೆಗೆಯುವವರ ಮೈ ನೋಡಿ ಕಲಿತದ್ದು. ನಿಮ್ಮ ಲೇಯರಿಂಗಿಗೆ ಇವತ್ತಿಗೂ ಇಷ್ಟೇ ಸೂತ್ರ.

ಹೀಗೆ ಸುಲಿಯುವ ಶರ್ಟು ಸರಿಮಾಡಿಸಲು ಬಂದವಳು ಬಂಗಾರಮ್ಮ. ಜೊತೆಗೆ ಮಗಳು ನಾಗವೇಣಿ. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ತಾಯಿಯ ಜೊತೆ ಕೂತು ಸುಲಿಯುತ್ತಿದ್ದಳು. ಅಂದು ನಡುಹಗಲು, ಶಾಲೆಯ ಹೊತ್ತು.

"ಇವತ್ತು ರಜವೇನೇ?" ಅಂದೆ.

ತಾಯಿಯೇ ಹೇಳಿದಳು: "ಎಂತ ರಜವೂ ಇಲ್ಲ ಅಮ್ಮ. ಮೊನ್ನೆಯಿಂದ ಶಾಲಿಗೆ ಹೋಗಾದಿಲ್ಲ ಅಂತ ಕೂತದೆ. ಕೇಳಿದ್ರೆ ಬಾಯಿ ಬಿಡಾದಿಲ್ಲ. ನಂಗಂತೂ ಸಾಕಾಗ್ಹೋತು."

ಸೊಂಟದ ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಹುಡುಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, "ಕೈ ಮೇಲೆತ್ತು" ಅಂದೆ. ಎತ್ತಲಿಲ್ಲ. ಕೈ ಎರಡೂ ದಾವಣಿಯ ಸೆರಗಿನೊಳಗೆ. ನಾನೇ ಹಿಡಿದು ಎಳೆದೆ. ಬೆರಳು, ಉಗುರು, ಅಂಗೈಯ ಗೆರೆ ಎಲ್ಲ ಕಾಡಿಗೆ ಬಳಿದ ಹಾಗೆ. ಲಂಗದ ಮೇಲೆಲ್ಲ ಕಂದು ಕಲೆ.

"ಲೆಕ್ಕದ ಮೇಷ್ಟ್ರು ಬೋರ್ಡಿಗೆ ಕರೆದ್ರಕ್ಕ," ಅಂತ ಶುರುಮಾಡಿದಳು. "ಲೆಕ್ಕ ಸರಿಯಾಗೇ ಮಾಡ್ದೆ. ಯಾರೂ ಲೆಕ್ಕ ನೋಡ್ಲಿಲ್ಲ, ಎಲ್ಲ ನನ್ ಕೈಯೇ ನೋಡಿ ನಗಾಡಿದ್ರು. ಬಂದು ಕೂತ್ರೆ ಪಕ್ಕದವಳು, ನಿನ್ ಲಂಗದ ಕಲೆ ನಂಗೆ ಹತ್ತತದೆ, ಆಚೆ ಕೂರು ಅಂದ್ಲು. ನಾ ಇನ್ನು ಹೋಗಾದಿಲ್ಲ. ಸುಲಿಯೋ ಕಾಲ ಮುಗೀಲಿ, ಆಮೇಲೆ ನೋಡಾನ."

ಸುಲಿಯುವ ಕಾಲ ಮುಗಿಯುವುದು ಸಂಕ್ರಾಂತಿ ಕಳೆದ ಮೇಲೆ. ಆಮೇಲೆ ಪರೀಕ್ಷೆಗೆ ಉಳಿಯುವುದೆಷ್ಟು ಮಹಾ! ಆಮೇಲೆ ನೋಡೋಣ ಅನ್ನುವ ಮಾತು ಎಲ್ಲಿಗೆ ಮುಟ್ಟುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಸಿಟ್ಟು ಬಂತು. "ನಗಾಡಿದ್ರೆ ನಗಾಡ್ಲಿ, ಅವ್ರ ಹಲ್ಲು ಅವ್ರದ್ದು" ಅಂತ ಬಾಯಿಗೆ ಬಂತು. ಆದರೆ ಹದಿನಾರರ ಹುಡುಗಿಗೆ ಅಂಥ ಸಮಾಧಾನ ಹೇಳಿ ಏನು ಸುಖ? ನಾನು ದರ್ಜಿ. ನನ್ನಿಂದ ಆಗುವುದು ಬಟ್ಟೆಯ ಕೆಲಸ.

"ನಿಂಗೊಂದು ಉಡುಪು ಹೊಲ್ದು ಕೊಡ್ತೀನಿ, ಅದನ್ನ ಹಾಕ್ಕೊಂಡು ಹೋಗ್ತೀಯ?" ಅಂದೆ.

"ಹೊಸಾದೂ ಎರಡು ದಿನಕ್ಕೆ ಕಲೆ ಆಗ್ತದಕ್ಕ."

"ಆಗದ ಹಂಗೆ ಮಾಡ್ತೀನಿ."

ಆಗದ ಹಾಗೆ ಮಾಡುವ ಉಪಾಯ ಅಂದರೆ ಇಡೀ ಬಟ್ಟೆಗೇ ಚೊಗರು ಹಾಕುವುದು. ನಮ್ಮ ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಬಣ್ಣ ಹಾಕುವ ಕಸುಬೂ ಇತ್ತು, ಅಷ್ಟಿಷ್ಟು ಕೇಳಿ ಗೊತ್ತಿತ್ತು. ಅಂಗಡಿಯಲ್ಲಿ ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ ಒರಟು ಹತ್ತಿ ಬಟ್ಟೆ, ಕೊನೆಯ ತುಂಡುಗಳು ಬಿದ್ದಿದ್ದವು. ಬಂಗಾರಮ್ಮ ಕೆಲಸದ ಮನೆಯಲ್ಲಿ ಕೇಳಿ ಒಂದು ಕೊಡಪಾನ ಚೊಗರು ತಂದಳು. ದೊಡ್ಡಪ್ಪನ ಹಿತ್ತಲಲ್ಲಿ ಒಲೆ ಹೂಡಿದೆ.

ದೊಡ್ಡಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಲ್ವೇ, ಜನ ಕಲೆ ತೆಗಿಯಾಕೆ ಒದ್ದಾಡ್ತಾರೆ. ನೀನು ಒಲೆ ಹಚ್ಚಿ ಕಲೆ ಮಾಡ್ತೀಯಲ್ಲೇ!"

"ಒಂದು ಕಡೆ ಆದ್ರೆ ಕಲೆ ದೊಡ್ಡಪ್ಪ, ಪೂರ್ತಿ ಆದ್ರೆ ಬಣ್ಣ."

"ಬಾಯಿ ಮಾತ್ರ ನಮ್ಮನೇದು" ಅಂದು ಒಳಗೆ ಹೋದ. ಬೈದರೂ ಬೇಡ ಅನ್ನಲಿಲ್ಲ, ಅದು ಅವನ ಸ್ವಭಾವ.

ಲಂಗದ ಬಟ್ಟೆಯನ್ನು ತಾಮ್ರದ ಹಂಡೆಯಲ್ಲಿ ಕುದಿಸಿ ನೆರಳಲ್ಲಿ ಒಣಗಿಸಿ ಮತ್ತೆ ಮುಳುಗಿಸಿದೆ. ಎಂಥಾ ಬಣ್ಣ ಬಂತು ಅಂತೀರಿ! ಉತ್ತ ಗದ್ದೆಯ ಮಣ್ಣಿನ ಕೆಂಪುಗಂದು. ತೋಳಿಲ್ಲದ ಅಂಗಿಯ ಬಟ್ಟೆಗೆ ಸ್ವಲ್ಪ ಸುಣ್ಣದ ತಿಳಿ ಬೆರೆಸಿದೆ, ಇನ್ನೂ ಕೆಂಪಾಯಿತು. ಇಷ್ಟರಲ್ಲಿ ದೊಡ್ಡಮ್ಮ ಸ್ನಾನಕ್ಕೆ ನೀರು ಕಾಯಿಸಬೇಕು ಅಂತ ಹಂಡೆ ಕೇಳಿದಳು. ದಾವಣಿಯ ಬಟ್ಟೆ ಇನ್ನೂ ಬಾಕಿ. ನಾನು ಬುದ್ಧಿವಂತೆಯ ಹಾಗೆ ಉಳಿದ ಚೊಗರನ್ನು ಹಪ್ಪಳ ಕರಿಯುವ ದೊಡ್ಡ ಕಬ್ಬಿಣದ ಬಾಣಲೆಗೆ ಸುರಿದು ಬಟ್ಟೆ ಅದ್ದಿದೆ. ಕೋಲಿನಿಂದ ಎತ್ತಿ ನೋಡಿದರೆ ಕಾಗೆಯ ಬಣ್ಣ! ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ ಅಂತ ಅಜ್ಜಿ ಹೇಳಿದ್ದಿರಬಹುದು, ನಾನು ಕೇಳಿಸಿಕೊಂಡಿರಲಿಲ್ಲ. ಅಡಿಕೆ ಬೇಯಿಸುವವರು ಇಡೀ ಊರಲ್ಲಿ ತಾಮ್ರದ ಹಂಡೆಯನ್ನೇ ಯಾಕೆ ಇಟ್ಟುಕೊಂಡಿದ್ದಾರೆ ಅಂತ ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ದೊಡ್ಡಮ್ಮನ ಬಾಣಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನ್ನ ಕೈಯೂ ನಾಗವೇಣಿಯ ಕೈಯಂತೆಯೇ ಆಯಿತು.

ಬೇರೆ ಬಟ್ಟೆ ಇರಲಿಲ್ಲ. ಒಣಗಿದ ಮೇಲೆ ನೋಡಿದರೆ ಆ ಕಪ್ಪು ಅಷ್ಟೇನೂ ಕೆಟ್ಟದಾಗಿರಲಿಲ್ಲ, ಮಳೆ ನಿಂತ ಮೇಲೆ ಬಂಡೆ ಕಾಣುವ ಹಾಗೆ ಬೂದುಗಪ್ಪು. ಕೆಂಪುಗಂದಿನ ಒಂದು ಪಟ್ಟಿ ಅದರ ಅಂಚಿಗೆ ಹಚ್ಚಿದೆ. ಬಣ್ಣ ಹಾಕದ ಕೋರಾದಲ್ಲಿ ತುಂಬುತೋಳಿನ ರವಿಕೆ, ಪಾದದ ತನಕ ಕಂದು ಲಂಗ, ಮೇಲೆ ಮುಂದುಗಡೆ ತೆರೆದ ತೋಳಿಲ್ಲದ ಅಂಗಿ, ಹೆಗಲಿಗೆ ಬೂದುಗಪ್ಪು ದಾವಣಿ. ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದೆ. ನನ್ನ ಕೆಲಸ ನನಗೇ ಅಷ್ಟು ಇಷ್ಟವಾದದ್ದು ಕಡಿಮೆ.

ನಾಗವೇಣಿ ಹಾಕಿ ನೋಡಿದಳು. ಮುಖ ಅರಳಿತು. ಮರುಕ್ಷಣ ತನ್ನ ಕೈ ನೋಡಿಕೊಂಡಳು, ಬಾಡಿತು.

"ಬಟ್ಟೆ ಚೆಂದ ಉಂಟಕ್ಕ. ಕೈ ಎಲ್ಲಿ ಇಟ್ಕೊಳಾದು?"

ಅದಕ್ಕೆ ನನ್ನ ಹತ್ತಿರ ಚೊಗರಿರಲಿಲ್ಲ. ಆಮೇಲೆ ಅಂಗಿಯನ್ನು ತೆಗೆಸಿ, ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಉಳಿದಿದ್ದ ಕೋರಾ ತುಂಡಿನಿಂದ ಒಳಗಡೆಗೆ ಎರಡು ಆಳವಾದ ಜೇಬು ಹಚ್ಚಿದೆ. ಹೊರಗಿನಿಂದ ನೋಡಿದರೆ ಜೇಬಿದೆ ಅಂತ ಗೊತ್ತೇ ಆಗಬಾರದು, ಹಾಗೆ. ಆಗ ನಮ್ಮ ಕಡೆ ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಅಂದರೇನು ಅಂತಲೇ ಗೊತ್ತಿರಲಿಲ್ಲ. ದೊಡ್ಡಪ್ಪ ಪರದೆಯಿಂದ ತಲೆ ಹಾಕಿ, "ಹೆಣ್ಣುಹುಡುಗಿಗೆ ಜೇಬು ಯಾಕೆ, ಬೀಡಿ ಇಟ್ಕೊಳಾಕಾ?" ಅಂದ. ನಾನು ದಾರ ಕಡಿದು ಅಂಗಿಯನ್ನು ಅವಳಿಗೆ ತೊಡಿಸಿದೆ. ನಾಗವೇಣಿ ಎರಡೂ ಕೈ ಒಳಗೆ ಇಳಿಸಿ ನಿಂತಳು. ಮಣಿಕಟ್ಟಿನ ತನಕ ಮುಚ್ಚಿತು.

"ನಾಳೆ ಹೋಗ್ತೀಯ?"

"ನೋಡ್ತೀನಿ" ಅಂದಳು.

ಮರುದಿನ ಬೆಳಿಗ್ಗೆ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಶಾಲೆಗೆ ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ. ಪರದೆ ಸರಿಸಿ ಇಣುಕುವುದು, ಬರುವುದು, ಕೂರುವುದು. ಕೊನೆಗೆ ದೊಡ್ಡಪ್ಪನೇ ಕತ್ತರಿ ಕೆಳಗಿಟ್ಟು, "ಅಕೋ, ನಿನ್ನ ಬೈರಾಗಿ ಹೊರಟ್ಲು ನೋಡು" ಅಂದ. ಮಂಜಿನಲ್ಲಿ ಕಂದು ಲಂಗ ಬೀಸಿಕೊಂಡು ಹೋಗುತ್ತಿದ್ದಳು. ಪುಸ್ತಕ ಕಂಕುಳಲ್ಲಿ, ಕೈ ಜೇಬಿನಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ನಕ್ಕರಾ ಅಂತ ಸಂಜೆ ಕೇಳಿದೆ. "ನಕ್ರು. ಆಮೇಲೆ ಕೈ ಎಲ್ಲೋಯ್ತು ಅಂತ ಕೇಳಿದ್ರು. ಜೇಬು ತೋರಿಸ್ದೆ. ಆಮೇಲೆ ನಗ್ಲಿಲ್ಲ" ಅಂದಳು. ಸುಲಿಯುವ ಕೆಲಸ ಬಿಡಲಿಲ್ಲ, ಶಾಲೆಯನ್ನೂ ಬಿಡಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲೇ ಕೂರುತ್ತಾಳೆ, ಕೇಳಿದ್ದಕ್ಕೆ ಬಾಯಿ ತೆರೆಯುವುದಿಲ್ಲ, ಹೀಗಾದರೆ ಓದಿದ್ದು ಯಾರಿಗೆ ಗೊತ್ತಾಗಬೇಕು ಅಂತ ಅವಳ ಮೇಷ್ಟ್ರು ಬಂಗಾರಮ್ಮನ ಹತ್ತಿರ ಹೇಳಿದರಂತೆ. ಹಾಗಾಗಿ ನನ್ನ ಮನಸ್ಸಿಗೆ ಪೂರ್ತಿ ನೆಮ್ಮದಿ ಇರಲಿಲ್ಲ. ಯಾವ ದಿನ ಬಿಟ್ಟಳು ಅಂತ ಸುದ್ದಿ ಬರುತ್ತದೋ ಅಂತ ಕಾಯುವ ಹಾಗಾಗಿತ್ತು.

ಇತ್ತ ನಾನು ನೆನಸದೇ ಇದ್ದದ್ದು ನಡೆಯಿತು. ನಾಗವೇಣಿಯ ತರಗತಿಯ ಸುಮಿತ್ರಾ ತನ್ನ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ತೋಟದ ಮನೆಯವರು. ಬಂಗಾರಮ್ಮ ಸುಲಿಯಲು ಹೋಗುತ್ತಿದ್ದದ್ದೂ ಅವರ ಮನೆಗೇ.

"ಅಮ್ಮ, ಎಂಗೂ ಅಂಥದ್ದೇ ಬೇಕು. ಜೇಬು ಇರಕ್ಕು" ಅಂತ ಹುಡುಗಿಯ ಹಟ.

"ಥೋ, ಸುಲಿಯವ್ರ ಬಣ್ಣ ನಿಂಗೆ ಎಂತಕ್ಕೆ? ನಮ್ಮನೆ ಚೊಗರು ಮೈಮೇಲೆ ಹಾಕ್ಯಂಡು ತಿರುಗಕ್ಕಾ?" ಅಂತ ತಾಯಿ. ಕೊನೆಗೆ ಮಗಳೇ ಗೆದ್ದಳು. ಅವಳಿಗೆ ಹೊಲಿದೆ, ಅವಳ ಗೆಳತಿಯರಿಗೆ ಹೊಲಿದೆ. ಆ ಕಾರ್ತಿಕದಲ್ಲಿ ಸಾಗರದ ರಸ್ತೆಯಲ್ಲಿ ಹೈಸ್ಕೂಲಿನ ಹುಡುಗಿಯರು ಜೇಬಿನಲ್ಲಿ ಕೈ ಇಳಿಸಿಕೊಂಡು ಪೊಲೀಸರ ಹಾಗೆ ನಡೆಯುವುದನ್ನು ನೋಡಿ ಹಿರಿಯರು ತಲೆ ಚಚ್ಚಿಕೊಂಡರು. ಪರದೆಯ ಹಿಂದೆ ಜಾಗ ಸಾಲದೆ ದೊಡ್ಡಪ್ಪ ಪರದೆಯನ್ನೇ ಕಿತ್ತ. "ಗಾಳಿ ಬರಲ್ಲ ಅಂತ ಕಿತ್ತೆ" ಅಂತ ಹೇಳಿದ. ಇರಲಿ, ನಾನೂ ನಂಬಿದ ಹಾಗೆ ಮಾಡಿದೆ.

ತೀರ್ಥಹಳ್ಳಿಯಲ್ಲಿದ್ದ ಸುಮಿತ್ರಾಳ ಸೋದರತ್ತೆಗೂ ಆಸೆಯಾಗಿ, ತನ್ನ ಮಗಳಿಗೆ ಅಂತ ಬಸ್ಸಿನಲ್ಲಿ ಬಟ್ಟೆ ಕಳಿಸಿದರು. ಒಳ್ಳೆಯ ಬೆಲೆಯದ್ದು, ಆಗಷ್ಟೇ ಬಂದಿದ್ದ ಕೃತಕ ನೂಲಿನ ಟೆರಿಲೀನ್! ಹಂಡೆಯಲ್ಲಿ ಕುದಿಸಿದೆ, ಸುಣ್ಣ ಹಾಕಿದೆ, ಮತ್ತೆ ಕುದಿಸಿದೆ. ಮೇಲೆತ್ತಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಬಣ್ಣವೆಲ್ಲ ಜಾರಿ ಹೋಗಿ ಬಟ್ಟೆ ಹೋದ ಹಾಗೇ ಬಂತು, ಸಾಲದ್ದಕ್ಕೆ ಮುದುಡಿಕೊಂಡಿತ್ತು. ದೊಡ್ಡಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. ನಾನು ಬಟ್ಟೆ ಕಟ್ಟಿಕೊಂಡು ಬೈಸಿಕೊಳ್ಳಲು ತಯಾರಾಗಿ ತೀರ್ಥಹಳ್ಳಿಗೆ ಹೋದೆ. ಆಯಮ್ಮ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚೊಗರೇ ಹಿಡೀಲಿಲ್ವಾ? ಹಂಗಾದ್ರೆ ಇದಕ್ಕೆ ಸಾರು, ಕಾಫಿ ಯಾವುದೂ ಹಿಡಿಯಾದಿಲ್ಲ ಅಂತಾಯ್ತಲ್ಲ!" ಅಂದು ಖುಷಿಯಾಗಿ ಮನೆಮಂದಿಗೆಲ್ಲ ಟೆರಿಲೀನನ್ನೇ ಹೊಲಿಯಲು ಹೇಳಿದರು. ಮುಂದಿನ ದಿನಗಳಲ್ಲಿ ಊರಿಗೆ ಊರೇ ಟೆರಿಲೀನ್ ಹಿಂದೆ ಹೋಯಿತು. ನನ್ನ ಚೊಗರಿನ ಹಂಡೆ ಮತ್ತೆ ದೊಡ್ಡಮ್ಮನ ಬಚ್ಚಲಿಗೆ ಸೇರಿತು. ನಮ್ಮ ಕಸುಬಿನಲ್ಲಿ ಹೀಗೆಯೇ, ನಿನ್ನೆಯದಕ್ಕೆ ಅಳುತ್ತಾ ಕೂತರೆ ಇವತ್ತಿನ ಬಟ್ಟೆ ಯಾರು ಹೊಲಿಯಬೇಕು?

ಈ ಗದ್ದಲದ ನಡುವೆಯೇ, ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನವಿರುವಾಗ, ನಾಗವೇಣಿ ಒಬ್ಬಳೇ ಅಂಗಡಿಗೆ ಬಂದಳು. ಅಂಗಿ ಮೈಮೇಲಿಲ್ಲ, ಮಡಚಿ ಕೈಯಲ್ಲಿ ಹಿಡಿದಿದ್ದಾಳೆ. ಆಯಿತು, ಶಾಲೆ ಬಿಟ್ಟಳು, ಬಟ್ಟೆ ವಾಪಸು ಕೊಡಲು ಬಂದಿದ್ದಾಳೆ ಅಂದುಕೊಂಡೆ.

"ಅಕ್ಕ, ಈ ಜೇಬು ತೆಗ್ದು ಹೊಲ್ದು ಕೊಡಿ" ಅಂದಳು.

"ಊರಿಗೆಲ್ಲ ಜೇಬು ಬೇಕಂತೆ, ನಿಂಗೇ ಬೇಡ್ವಾ? ಹರಿದಿದ್ಯಾ?"

"ಹರಿದಿಲ್ಲ."

"ಮತ್ತೆಂತ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಮೇಷ್ಟ್ರು ಪ್ರಶ್ನೆ ಕೇಳ್ತಾರಲ್ಲಕ್ಕ, ಯಾರು ಮೊದ್ಲು ಕೈ ಎತ್ತಿದ್ರೆ ಅವ್ರಿಗೆ ಹೇಳಾಕೆ ಬಿಡ್ತಾರೆ. ಇದ್ರೊಳಗಿಂದ ಕೈ ತೆಗೆಯಾದ್ರೊಳಗೆ ಆ ಸುಮಿತ್ರಾ ಎತ್ತಿಬಿಡ್ತಾಳೆ. ನಂಗೆ ಉತ್ತರ ಗೊತ್ತಿದ್ರೂ ಹೇಳಾಕೆ ಆಗಾದಿಲ್ಲ."

ಅಷ್ಟು ಸಿಟ್ಟಿನಿಂದ ಹೇಳಿದಳು, ಜೇಬಿನ ಮೇಲೆ! ಸುಮಿತ್ರಾ ಕೂಡ ಜೇಬಿನವಳೇ, ಅವಳ ಕೈ ಮಾತ್ರ ಯಾವಾಗಲೂ ಹೊರಗಿರುತ್ತಿತ್ತು ಅಂತ ಕಾಣುತ್ತದೆ. ದೊಡ್ಡಪ್ಪ ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತಿ ಅವಳನ್ನೇ ನೋಡಿದ. ಯಾವ ತಮಾಷೆಯನ್ನೂ ಮಾಡಲಿಲ್ಲ. ತನ್ನ ಸಣ್ಣ ಕತ್ತರಿಯನ್ನು, ಯಾರಿಗೂ ಮುಟ್ಟಲು ಕೊಡದ ಕತ್ತರಿಯನ್ನು, ನನ್ನ ಕಡೆ ಸರಿಸಿದ.

ಹೊಲಿಗೆ ಬಿಚ್ಚಿ ಜೇಬನ್ನು ಹೊರಗೆ ಎಳೆದೆ. ಕೋರಾ ಬಟ್ಟೆಯ ಒಳಮೈಯಲ್ಲಿ, ತಳದ ತನಕ, ಬೆರಳುಗಳ ಕಂದು ಗುರುತು ಒತ್ತೊತ್ತಾಗಿ ಮೂಡಿತ್ತು. ದಿನಾ ಬೆಳಿಗ್ಗೆ ಸುಲಿದು ತೊಳೆದ ಒದ್ದೆ ಕೈಯನ್ನು ಹಾಗೇ ಇಳಿಸಿಕೊಂಡು ಓಡುತ್ತಿದ್ದಳಲ್ಲ. ನಾನು ಪಕ್ಕದ ಹೊಲಿಗೆ ಮುಚ್ಚಿ, ಅಂಗಿ ಕೊಡವಿ ಕೊಟ್ಟೆ. ಅಲ್ಲೇ ಹಾಕಿಕೊಂಡಳು. ಕೈ ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು, ಜೇಬು ಸಿಗಲಿಲ್ಲ, ಇಬ್ಬರೂ ನಕ್ಕೆವು.

ಎಸ್ಸೆಸ್ಸೆಲ್ಸಿ ಪಾಸಾದಳು, ಟೀಚರ್ ಟ್ರೈನಿಂಗ್ ಮುಗಿಸಿದಳು, ನಮ್ಮ ಹೊಸನಗರದ ಕಡೆಯ ಹಳ್ಳಿಯ ಶಾಲೆಯೊಂದಕ್ಕೆ ಹೋದಳು. ನಾನು ಓದು ಮುಗಿಸದೆ ಬಿಟ್ಟು ಬಂದ ಸೀಮೆಯಲ್ಲಿ ಅವಳು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು.

ಆ ಎರಡು ಜೇಬು ನನ್ನ ಮಿಷಿನ್ನಿನ ಡ್ರಾಯರಿನಲ್ಲಿ ಇವತ್ತಿಗೂ ಇವೆ, ಬಂದರೆ ತೋರಿಸುತ್ತೇನೆ. ಲಂಗ, ಅಂಗಿ, ದಾವಣಿ ಒಂದರ ಮೇಲೊಂದು ಹೇಗೆ ಕೂರಿಸಬೇಕು ಅಂತ ಕಲಿಸುತ್ತೇನೆ, ಚೊಗರು ಹಾಕುವುದನ್ನೂ ಕಲಿಸುತ್ತೇನೆ, ಕಬ್ಬಿಣದ ಬಾಣಲೆ ಮಾತ್ರ ತರಬೇಡಿ. ಜನ್ಮವಿಡೀ ಹೊಲಿದವಳು ನಾನು. ಬಿಚ್ಚುವ ಕೆಲಸ ಬಂದರೆ ದೊಡ್ಡಪ್ಪನ ಹಾಗೆಯೇ ಗೊಣಗುತ್ತಿದ್ದೆ. ಆ ಜೇಬು ತೆಗೆದ ದಿನ ಮಾತ್ರ ಒಂದೊಂದೇ ಹೊಲಿಗೆಯನ್ನು ನಿಧಾನವಾಗಿ, ಮುಗಿಯುವುದೇ ಬೇಡ ಅನ್ನುವ ಹಾಗೆ ಬಿಚ್ಚಿದೆ.